ಜೇವರ್ಗಿಯ ಸರ್ವರ್, ಅಫಜಲಪುರದ ಅತ್ತೆ

ಸೋಲುವುದು ನನ್ನ ಜಾತಕದಲ್ಲೇ ಇಲ್ಲ! ಆದರೂ ಪ್ರತಿ ಭಾನುವಾರ ಆನ್‌ಲೈನ್ ಬಂದೂಕಿನ ಆಟದಲ್ಲಿ ಹೆಂಡತಿಯ ತಮ್ಮ ವಿಶ್ವಾರಾಧ್ಯ ಅಫಜಲಪುರದಲ್ಲಿ ಕೂತು, ಆಳಂದದಲ್ಲಿದ್ದ ನನ್ನನ್ನು ನೊಣ ಹೊಡೆದಂತೆ ಹೊಡೆಯುತ್ತಿದ್ದ. ಯಾಕೆ? ಆಟ ನಡೆಯುತ್ತಿದ್ದುದೇ ಅವನ ಕಂಪ್ಯೂಟರಿನಲ್ಲಿ! ಅವನ ಗುಂಡು ತಕ್ಷಣ ತಗಲುತ್ತಿತ್ತು. ನನ್ನದು ನೆಟ್ ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಗೋಡೆಯ ಮರೆಗೆ ಹೋಗಿರುತ್ತಿದ್ದ.

"ಆಟಕ್ಕಂತನೇ ಬ್ಯಾರೆ ಸರ್ವರ್ ಇಡ್ತೇನಿ. ಆಮ್ಯಾಲ ನೋಡು ನನ್ನ ಕೈಚಳಕ!" ಎಂದು ಘೋಷಿಸಿದೆ.

ಹೆಂಡತಿ ಸುನಿತಾ, ಅವಳೂ ನಮ್ಮ ಜೊತೆ ಆಡುವವಳೇ, ಹುಬ್ಬೇರಿಸಿದಳು. "ಅದರ ಮುಂದ ಯಾರು ಕುಂತು ಆಡ್ತಾರ್ರಿ?"

"ಯಾರೂ ಆಡಂಗಿಲ್ಲ. ಅದು ಪಂಚ! ಎಲ್ಲಾರ ಗುಂಡೂ ಮೊದಲ ಅದರ ಹಂತ್ಯಾಕ ಹೋಗ್ತಾವ. ಯಾರಿಗೆ ಬಿತ್ತು, ಯಾರು ಸತ್ರು, ಅದೇ ಹೇಳ್ತದ."

"ಆಡದೇ ಇರೋದಕ್ಕ ಕರೆಂಟ್ ಯಾಕ್ರಿ?"

"ತಾ ಆಡಂಗಿಲ್ಲ, ಅದಕ್ಕ ನ್ಯಾಯ ಹೇಳ್ತದ!"

ಪಂಚನನ್ನು ಆಳಂದದಲ್ಲಿಡಲು ವಿಶ್ವಾರಾಧ್ಯ ಒಪ್ಪಲಿಲ್ಲ, ಅಫಜಲಪುರಕ್ಕೆ ನಾನು ಒಪ್ಪಲಿಲ್ಲ. ಕೊನೆಗೆ ಜೇವರ್ಗಿಯಲ್ಲಿ, ಗೆಳೆಯ ಮಸೂದನ ಕಂಪ್ಯೂಟರ್ ಅಂಗಡಿಯಲ್ಲಿ ಅದರ ಪ್ರತಿಷ್ಠಾಪನೆಯಾಯಿತು. ಅದೇ ಹುಮ್ಮಸ್ಸಿನಲ್ಲಿ ಅತ್ತೆ ಸುಮಿತ್ರಾಬಾಯಿಗೂ ಫೋನ್ ಮಾಡಿದೆ. "ಅತ್ತಿ, ಈ ಐತವಾರ ಮಗನ ಬಾಜೂಕ ಕುಂತು ನಿಮ್ಮ ಅಳಿಯನ ಪರಾಕ್ರಮ ನೋಡ್ರಿ!"

ಭಾನುವಾರ ಆಟ ಶುರು. ವಿಶ್ವಾರಾಧ್ಯ, ಅವನ ಗೆಳೆಯರು, ಸುನಿತಾ, ನಾನು. ಯಾರಿಗೆ ಯಾರೂ ನೆಂಟರಲ್ಲ, ಕಂಡವರನ್ನು ಹೊಡೆಯುವುದೇ ನಿಯಮ.

ನಾನು ನಡುಬಯಲಲ್ಲಿ ಎದೆಯುಬ್ಬಿಸಿ ನಿಂತೆ. ಒಂದು ಗುಂಡೂ ಬರಲಿಲ್ಲ! ವಿಶ್ವಾರಾಧ್ಯನ ಎದುರಿಗೇ ಹೋದೆ. ಅವನು ಬಂದೂಕು ಇಳಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ! ಸರ್ವರ್ ಕೆಟ್ಟಿತೇ? ಮಸೂದನಿಗೆ ಫೋನ್ ಮಾಡಿ ಅದನ್ನು ಬಂದ್ ಮಾಡಿಸಿ ಮತ್ತೆ ಚಾಲೂ ಮಾಡಿಸಿದೆ. ಎಲ್ಲರೂ ಆಟದಿಂದ ಹೊರಬಿದ್ದು ನನ್ನನ್ನು ಬಾಯಿಗೆ ಬಂದಂತೆ ಬೈದರು. ಮತ್ತೆ ಶುರು ಮಾಡಿದರೆ ಮತ್ತದೇ ಕಥೆ!

"ಭಾಯಿ, ಮಿಷನ್ ಬರಾಬರ್ ಅದ," ಎಂದ ಮಸೂದ. "ನಿಮ್ಮ ಮ್ಯಾಲ ಯಾರೂ ಗುಂಡೇ ಹಾರಿಸಿಲ್ಲ!"

ಮೈಕಿನಲ್ಲಿ ಚೀರಿದೆ. "ಯಾಕಲೇ ವಿಶ್ವಾ? ಹೊಡಿ!"

"ಹ್ಯಾಂಗ ಹೊಡೀಲಿ ಮಾಮಾ? ಅವ್ವ ಬಾಜೂಕ ಕುಂತಾಳ! ನನ್ನ ಗೆಳ್ಯಾರಿಗೂ ಹೊಡೀಬ್ಯಾಡ್ರಿ ಅಂದಾಳ!"

ಅವನ ಹಿಂದಿನಿಂದ ಅತ್ತೆಯ ಗದರಿಕೆ ಕೇಳಿಸಿತು. "ಮನಿ ಅಳಿಯಂದ್ರಿಗೆ ಗುಂಡು ಹೊಡೀತಾರೇನಲೇ? ಅವರು ಬಂದ್ರ ಬಂದೂಕು ಕೆಳಗ ಇಡು!"

ಅಯ್ಯೋ ದೇವರೇ! ಅತ್ತೆಯ ಮರ್ಯಾದೆಯಿಂದ ಗೆದ್ದರೆ ನನ್ನ ಮರ್ಯಾದೆ ಉಳಿಯುತ್ತದೆಯೇ? "ಅತ್ತಿ, ನಿಮ್ಮ ಕಾಲಿಗೆ ಬೀಳ್ತೇನಿ, ಹೊಡೀ ಅಂತ ಹೇಳ್ರಿ!" ಎಂದು ಅಂಗಲಾಚಿದೆ.

ಢಂ! ನನ್ನ ಸೈನಿಕ ಅಂಗಾತ ಬಿದ್ದ.

ಪಕ್ಕದ ಕೋಣೆಯಿಂದ ಸುನಿತಾ ಕೂಗಿದಳು. "ನೀವು ಅಳಿಯಂದ್ರು ಅವರಿಗ್ರಿ. ನನಗ ಬರೇ ಗಂಡ!"