ಥೆಲ್ಮಾಳ ಕಾರಿನ ನಂಬರ್ ಪ್ಲೇಟು

ವಿಮೆ ಎಂದರೆ ನಲ್ಲಿ ಇದ್ದ ಹಾಗೆ ಎಂಬುದು ಆರಿನ್ ವಾಂಡರ್‌ಮಾರ್ಕನ ಸಿದ್ಧಾಂತ. ಬೇಡವಾದಾಗ ತಿರುಗಿಸಿ ನಿಲ್ಲಿಸು, ಬೇಕಾದಾಗ ತಿರುಗಿಸಿ ಬಿಡು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನಿಗೆ ವಾಹನದ ವಿಷಯದಲ್ಲಿ ಬುದ್ಧಿ ಹೇಳುವವರು ನ್ಯೂಯಾರ್ಕ್ ರಾಜ್ಯದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೆಂಡತಿ ಥೆಲ್ಮಾಳಿಗೆ ಮರೆವಿನ ಕಾಯಿಲೆ ಬಲಿತು ಆರೈಕೆಯ ಮನೆಗೆ ಸೇರಿಸಿದ ಏಪ್ರಿಲ್‌ನಲ್ಲಿ, ಅವಳ ನೀಲಿ ಕಾರು ಗ್ಯಾರೇಜಿನಲ್ಲಿ ಮಲಗಿತು. ಮಲಗಿದ ಕಾರಿಗೆ ವಿಮೆ ಯಾಕೆ? ಆರಿನ್ ವಿಮೆಯ ಏಜೆಂಟಿಗೆ ಫೋನ್ ಮಾಡಿ ನಲ್ಲಿ ನಿಲ್ಲಿಸಿದ.

“ಮೊದಲು ನಂಬರ್ ಪ್ಲೇಟು ಬಿಚ್ಚಿ ಸರ್ಕಾರಕ್ಕೆ ವಾಪಸ್ ಕೊಡ್ಬೇಕು, ಸರ್. ಕೊಟ್ರಾ?” ಎಂದಳು ಆಕೆ.

“ಪ್ಲೇಟು ಕಾರಿನ ಮೇಲೇ ಭದ್ರವಾಗಿದೆ ಕಣಮ್ಮ. ನೀನು ಹುಟ್ಟೋಕೆ ಮುಂಚಿಂದ ನಾನು ಸ್ಟೀರಿಂಗ್ ಹಿಡಿದೋನು,” ಎಂದು ಫೋನಿಟ್ಟ.

ಸೆಪ್ಟೆಂಬರಿನ ಒಂದು ಮಂಗಳವಾರ, ವಾರಗಟ್ಟಲೆ ಕಿಟಕಿಯನ್ನೇ ನೋಡುತ್ತಿದ್ದ ಥೆಲ್ಮಾ ಇದ್ದಕ್ಕಿದ್ದಂತೆ ಅವನ ಕಡೆ ತಿರುಗಿದಳು. “ಆರಿನ್, ನನ್ನ ಕಾರು ಎಲ್ಲೋ? ಸರೋವರಕ್ಕೆ ಕರ್ಕೊಂಡು ಹೋಗು.”

ಐದು ತಿಂಗಳಲ್ಲಿ ಅವಳ ಬಾಯಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು. ಆರಿನ್ ಕಾರಿಡಾರಿಗೆ ಹೋಗಿ ಮೂಗು ಸೀಟಿದ ಸದ್ದಿಗೆ ನರ್ಸುಗಳು ಬೆಂಕಿ ಬಿದ್ದ ಎಚ್ಚರಿಕೆಯ ಗಂಟೆ ಎಂದುಕೊಂಡು ಎದ್ದರಂತೆ. ಅಂದೇ ನಲ್ಲಿ ತಿರುಗಿಸಿದ, ವಿಮೆ ಮತ್ತೆ ಚಾಲೂ ಆಯಿತು. ಬ್ಯಾಟರಿ ಬದಲಾಯಿಸಿದ. ಕಾರನ್ನು ಎಷ್ಟು ತೊಳೆದನೆಂದರೆ, ನೀಲಿ ಬಣ್ಣ ಒಂದು ಸುತ್ತು ತೆಳುವಾಯಿತು.

ಭಾನುವಾರ ಹೊರಟರು. ಎರಡನೇ ತಿರುವಿನಲ್ಲೇ ಹಿಂದೆ ಪೊಲೀಸ್ ದೀಪ ಮಿನುಗಿತು. ಪಿಕೆಟ್ ಎಂಬ ಎಳೆ ವಯಸ್ಸಿನ ಪೊಲೀಸ್ ಹುಡುಗಿ ಇಳಿದು ಬಂದಳು. ಆರಿನ್ ಗೆದ್ದವನ ಗತ್ತಿನಲ್ಲಿ ವಿಮೆಯ ಚೀಟಿ ಚಾಚಿದ.

“ಇದು ಸರಿಯಾಗಿದೆ, ಸರ್. ಆದ್ರೆ ಮಧ್ಯೆ ಐದು ತಿಂಗಳು ವಿಮೆ ಇರ್ಲಿಲ್ಲ, ಪ್ಲೇಟನ್ನೂ ಒಪ್ಪಿಸಿಲ್ಲ. ಅದಕ್ಕೇ ಕಾರಿನ ನೋಂದಣಿ ಅಮಾನತಾಗಿದೆ. ಒಡತಿಯ ಲೈಸೆನ್ಸೂ ಹೋಗಿದೆ.”

“ಮತ್ತೆ ಶುರು ಮಾಡಿದ್ದೀನಲ್ಲ?”

“ಶುರು ಮಾಡಿದ್ರೆ ಹಳೇದು ಅಳಿಸಿಹೋಗಲ್ಲ. ಎಷ್ಟೊಂದು ನೋಟೀಸು ಕಳ್ಸಿದ್ದಾರೆ. ಬರ್ಲಿಲ್ವಾ?”

“ಬಂದಿವೆ. ಅವಳ ಹೆಸರಿಗೆ.”

“ಒಡೆದು ನೋಡ್ಲಿಲ್ವಾ?”

“ಅವಳ ಕಾಗದ ನಾನ್ಯಾಕೆ ಒಡೀಲಿ? ನಲವತ್ತಾರು ವರ್ಷದಲ್ಲಿ ಒಬ್ಬರದ್ದು ಒಬ್ಬರು ಒಡೆದಿಲ್ಲ.”

“ಹಾಗಾದ್ರೆ ಏನ್ ಮಾಡಿದ್ರಿ?”

“ಅವಳ ಮೇಜಿನ ಮೇಲೆ ಜೋಡಿಸಿಟ್ಟಿದ್ದೀನಿ. ಮನೆಗೆ ಬಂದ್ಮೇಲೆ ನೋಡ್ಕೋತಾಳೆ.”

ಪಿಕೆಟ್ ಕಿಟಕಿಯೊಳಗೆ ಬಗ್ಗಿದಳು. ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತ ಥೆಲ್ಮಾಳನ್ನು ನೋಡಿದಳು. ಆಮೇಲೆ ಸ್ಕ್ರೂಡ್ರೈವರ್ ತಂದು, ಸದ್ದಾಗದಂತೆ, ಹಿಂದಿನ ಪ್ಲೇಟು ಬಿಚ್ಚಿದಳು, ಮುಂದಿನದೂ ಬಿಚ್ಚಿದಳು. “ಎಳ್ಕೊಂಡು ಹೋಗೋ ಲಾರಿ ಬರೋಕೆ ಒಂದು ಗಂಟೆ ಆಗುತ್ತೆ. ನಿಮ್ಮಿಬ್ಬರನ್ನ ನಾನೇ ವಾಪಸ್ ಬಿಡ್ತೀನಿ. ಅಲ್ಲೀವರೆಗೂ ಒಳಗೇ ಕೂತಿರಿ,” ಎಂದು ತನ್ನ ಗಾಡಿಗೆ ಹೋದಳು.

ಆರಿನ್ ಕೂತ. ಇನ್ನೊಂದು ಭಾನುವಾರಕ್ಕೆ ಅವಳಿಗೆ ಸರೋವರದ ನೆನಪಿರುತ್ತದೋ ಇಲ್ಲವೋ. ಗಾಳಿ ಬೀಸಿತು. ಮೇಪಲ್ ಎಲೆಗಳು ಗಾಜಿನ ಮೇಲೆ ಹಾದು ಹಿಂದೆ ಹಿಂದೆ ಓಡಿದವು. ಥೆಲ್ಮಾ ಅವನ್ನೇ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಅವನ ತೋಳು ಮುಟ್ಟಿದಳು.

“ತುಂಬಾ ಚೆನ್ನಾಗಿ ಓಡಿಸ್ತೀರಿ ನೀವು.”

‘ನೀವು’ ಎಂದದ್ದು ಆರಿನ್‌ನ ಎದೆಗೆ ತಾಕಿತು. ನಿಂತ ಕಾರಿನ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. “ಥ್ಯಾಂಕ್ಸ್, ಮೇಡಂ.”

“ನಮ್ಮನೆಯವ್ರೂ ಡ್ರೈವರ್ರೇ, ಬಸ್ಸು ಓಡಿಸ್ತಿದ್ರು,” ಎಂದಳು ಥೆಲ್ಮಾ. ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. “ಪಾಪ, ಇಷ್ಟು ನಯವಾಗಿ ಓಡ್ಸೋಕೆ ಅವ್ರಿಗೆ ಒಂದು ದಿನಾನೂ ಬರ್ಲಿಲ್ಲ.”