ಸಲಹೆಗಾರರ ಗತ್ತು, ನಮ್ಮ ಗೇಟಿನ ಬಸ್ಸು

ಅಧಿಕಾರ ಇರುವವನ ಪಕ್ಕದಲ್ಲಿ ಅವನಿಗಿಂತ ದೊಡ್ಡ ಮುಖ ಮಾಡಿಕೊಂಡು ಇನ್ನೊಬ್ಬ ನಿಂತಿರುವವರೆಗೂ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದು ಕಲಿತಿದ್ದು ನೆಲಮಂಗಲದ ಹೋಟೆಲಿನಲ್ಲಿ ಬೋಂಡ ಕಟ್ಟಿಕೊಡುತ್ತಿದ್ದ ಪತ್ರಿಕೆಯ ಚೂರುಗಳಿಂದ. ಹಾಗಾಗಿ ಎಷ್ಟೋ ಸುದ್ದಿಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಕೂಗುವುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ನಮ್ಮ ಊರಿನ ದಾರಿ ತುಮಕೂರು ರಸ್ತೆಗೆ ಸೇರುವ ಜಾಗಕ್ಕೆ ಗೇಟು ಅನ್ನುತ್ತಿದ್ದೆವು. ಅಲ್ಲಿ ಸರ್ಕಾರಿ ಬಸ್ಸು ನಿಲ್ಲುತ್ತಿರಲಿಲ್ಲ. ನನ್ನ ಹೆಂಡತಿ ಮತ್ತು ಊರಿನ ಹೆಂಗಸರು ಸೊಪ್ಪಿನ ಬುಟ್ಟಿ ಹೊತ್ತು ನೆಲಮಂಗಲದ ತನಕ ನಡೆದು, ಅಲ್ಲಿಂದ ಬೆಂಗಳೂರಿನ ಮಾರ್ಕೆಟ್ಟಿಗೆ ಬಸ್ಸು ಹಿಡಿಯುತ್ತಿದ್ದರು. ಅಷ್ಟರಲ್ಲಿ ಅರ್ಧ ಸೊಪ್ಪು ಬಾಡಿರುತ್ತಿತ್ತು, ಹೊತ್ತವರು ಪೂರ್ತಿ ಬಾಡಿರುತ್ತಿದ್ದರು. ನನ್ನ ಹೆಂಡತಿಯ ಒಡೆದ ಹಿಮ್ಮಡಿ ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಕೇಳಿದ್ದು ಒಂದೇ: ಆ ಬಸ್ಸು ನಮ್ಮ ಗೇಟಿನಲ್ಲಿ ನಿಲ್ಲಬೇಕು. ಅದಕ್ಕೆ ಎಮ್ಮೆಲ್ಲೆ ಹೇಳಬೇಕು. ಎಮ್ಮೆಲ್ಲೆಯನ್ನು ಮುಟ್ಟಬೇಕಾದರೆ ಅವರ ಸಲಹೆಗಾರರನ್ನು ದಾಟಬೇಕು.

೧. ತಾಳ್ಮೆಯ ಮೂರ್ತಿ

ಮೊದಲನೆಯ ಸಲಹೆಗಾರರು ನಮ್ಮ ಕಷ್ಟ ಕೇಳಲು ಊರಿಗೇ ಬಂದರು. ದೊಡ್ಡ ಆಳು. ಬಿಳಿ ಖಾದಿ, ಹೆಗಲ ಮೇಲೆ ಜರಿ ಶಾಲು. ಪಟೇಲರ ಜಗುಲಿಯಲ್ಲಿದ್ದ ಹಗ್ಗದ ಮಂಚದ ಮೇಲೆ ಕೂತರು. ನಾನು ಶುರು ಮಾಡಿದೆ. ನನ್ನ ಬಾಯಿ ಗೊತ್ತಲ್ಲ, ಅವರನ್ನೂ ಬಿಡಲಿಲ್ಲ, ಅವರ ಎಮ್ಮೆಲ್ಲೆಯನ್ನೂ ಬಿಡಲಿಲ್ಲ. ಅವರು ಮಾತ್ರ ಅಲ್ಲಾಡಲಿಲ್ಲ.

"ಹೇಳಿ, ಇನ್ನೇನು?" ಅಂದರು.

ಬಸ್ಸಿನ ವಿಷಯ ಮುಗಿಯಿತು. ಒಬ್ಬ ಬದುವಿನ ಜಗಳ ಹೇಳಿದ. ಇನ್ನೊಬ್ಬ ಅಳಿಯನ ಮೇಲೆ ದೂರು ಹೇಳಿದ. ಒಬ್ಬಳು ಅಜ್ಜಿ ತನ್ನ ಮಂಡಿನೋವನ್ನು ಎಳೆಎಳೆಯಾಗಿ ಹೇಳಿದಳು. ಮೇಯಲು ಹೋಗಿದ್ದ ದನಗಳು ವಾಪಸ್ಸು ಬಂದವು. ಅವರು ಹಾಗೇ ಕೂತಿದ್ದರು.

"ಇಂಥ ತಾಳ್ಮೆ ನನ್ನ ಜೀವಮಾನದಲ್ಲೇ ನೋಡಿರಲಿಲ್ಲ ಕಣಪ್ಪ," ಅಂದರು ಪಟೇಲರು. ನನಗೂ ನಾಚಿಕೆಯಾಯಿತು. ಇಂಥವರನ್ನು ಬೈದೆನಲ್ಲಾ ಅಂತ ಹತ್ತಿರ ಹೋಗಿ ಕೈ ಮುಗಿದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕಿವಿಯಲ್ಲಿ ಹೇಳಿದರು:

"ಬಿಡಬೇಡ, ಹಂಗೇ ಮೇಲಕ್ಕೆ ಎಳಿ. ಈ ಮಂಚದಲ್ಲಿ ಹೂತುಹೋಗಿದ್ದೀನಿ. ಮಧ್ಯಾಹ್ನದಿಂದ ಒಬ್ಬನಾದ್ರೂ ಕೈ ಕೊಡ್ತಾನಾ ಅಂತ ಕಾಯ್ತಾ ಇದ್ದೀನಿ!"

೨. ನಿಲ್ಲುವ ಪಾಠ

ಅವರಿಂದ ಬಸ್ಸು ಬರಲಿಲ್ಲ. ನಾನು ಎಮ್ಮೆಲ್ಲೆ ಮನೆಗೇ ಹೋದೆ. ಜಗುಲಿಯಲ್ಲಿ ಎರಡನೆಯ ಸಲಹೆಗಾರ ಸಿಕ್ಕಿದ. ಬೆಂಗಳೂರಿನಲ್ಲಿ ಓದಿದ ಹುಡುಗ, ಟೆರಿಲಿನ್ ಷರಟು, ನೆರಳಿನಲ್ಲೂ ಕಪ್ಪು ಕನ್ನಡಕ. ನಾನು ಹೇಳಿದ್ದನ್ನೆಲ್ಲ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ಮ ಬೇಡಿಕೆ ಸರಿಯಾಗಿದೆ. ನೀವೇ ಸರಿಯಾಗಿಲ್ಲ."

"ನನಗೇನಾಗಿದೆ?"

"ಪರ್ಸನಾಲಿಟಿ ಇಲ್ಲ. ಹಿಂಗೆ ಬಗ್ಗಿ ನಿಂತು ಕೂಗಿದ್ರೆ ಯಾರು ಕೇಳ್ತಾರೆ? ಎದೆ ಮುಂದೆ ಬರಬೇಕು, ಕೈ ಹಿಂದೆ ಹೋಗಬೇಕು. ಬಾಯಿ ಬಿಡೋಕೆ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಬೇಕು. ಅದು ಗತ್ತು."

"ಕಂದಾಯ ಕಟ್ಟಿಸ್ಕೊಳ್ಳೋವಾಗ ನನ್ನ ಎದೆ ಎಲ್ಲಿತ್ತು ಅಂತ ಯಾರಾದ್ರೂ ನೋಡಿದ್ರಾ?"

"ನೋಡಿ, ಇದನ್ನೇ ಬಿಡಿ ಅಂದಿದ್ದು."

ಅವನ ಕನ್ನಡಕ ಕಿತ್ತು ಎಸೆಯಬೇಕು ಅನ್ನಿಸಿತು. ಆದರೆ ಬೇಕಾಗಿದ್ದು ಬಸ್ಸು. ಸಿಟ್ಟು ನುಂಗಿಕೊಂಡು ಊರಿಗೆ ಬಂದು, ಹಿತ್ತಲಲ್ಲಿ ಹುಲ್ಲಿನ ಬಣವೆ ಮುಂದೆ ಅಭ್ಯಾಸ ಶುರು ಮಾಡಿದೆ. ಎದೆ ಮುಂದೆ, ಕೈ ಹಿಂದೆ. ಮಾರ್ಕೆಟ್ಟಿನಿಂದ ಆಗಷ್ಟೇ ಬಂದ ಹೆಂಡತಿ ನನ್ನನ್ನು ಕಂಡು, ಖಾಲಿ ಬುಟ್ಟಿ ಇಳಿಸಿ, ಮೆಲ್ಲಗೆ ಹತ್ತಿರ ಬಂದಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ಸೊಂಟ ಹಿಡ್ಕೊಂಡಿರೋದು."

"ಇದು ಗತ್ತು ಕಣೇ!"

ಅವಳು ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಆದರೂ ಹರಳೆಣ್ಣೆ ಬಿಸಿ ಮಾಡಿ, ನನ್ನನ್ನು ಬೋರಲು ಮಲಗಿಸಿ, ಬೆನ್ನು ನೀವಿದಳು. ಅಷ್ಟು ದೂರ ನಡೆದು ಬಂದವಳು ಅವಳು, ನೀವಿಸಿಕೊಂಡವನು ನಾನು. ಬೇಡ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ನಿದ್ದೆ ಹತ್ತಿತ್ತು. ಬೆಳಿಗ್ಗೆ ಎದ್ದು ನಾನು ಎಂದಿನ ಹಾಗೆ ಬಗ್ಗಿಕೊಂಡು ಬಚ್ಚಲಿಗೆ ಹೋಗುವುದನ್ನು ನೋಡಿ, ಸಮಾಧಾನದಿಂದ ಹೇಳಿದಳು:

"ಅಬ್ಬಾ, ವಾಸಿಯಾಯ್ತು."

೩. ನಮ್ಮ ಕಡೆಯ ಸಲಹೆಗಾರ

ನನಗೆ ಗತ್ತು ಬರುವುದಿಲ್ಲ ಅಂತ ಊರಿಗೆಲ್ಲ ಖಾತ್ರಿಯಾಯಿತು. ಆಗ ಪಟೇಲರು ಹೇಳಿದರು: "ಅವರಿಗೆ ಸಲಹೆಗಾರರು ಇದ್ದಾರೆ. ನಿನ್ನ ಹಿಂದೆಯೂ ಒಬ್ಬನ್ನ ನಿಲ್ಲಿಸೋಣ."

ಊರಿನ ನಾಟಕದಲ್ಲಿ ವರ್ಷಾವರ್ಷ ರಾಜನ ಪಾರ್ಟು ಮಾಡುತ್ತಿದ್ದ ಒಬ್ಬ ರೈತನಿದ್ದ. ಬಾಗಿಲಿಗಿಂತ ಎತ್ತರ, ಹುರಿ ಮಾಡಿದ ಮೀಸೆ. ಬಾಯಿ ಬಿಟ್ಟರೆ ಕೊನೆಯ ಸಾಲಿನಲ್ಲಿ ಮಲಗಿದ್ದ ಮಕ್ಕಳೆಲ್ಲ ಎದ್ದು ಅಳುತ್ತಿದ್ದವು. ಅವನಿಗೆ ಮದುವೆಯ ಕೋಟು ತೊಡಿಸಿ ಹೇಳಿದೆ: "ನಾನು ಸನ್ನೆ ಮಾಡಿದಾಗ 'ಬಸ್ಸು ನಿಲ್ಲಲೇಬೇಕು' ಅಂತ ಒಂದೇ ಮಾತು. ಜಾಸ್ತಿ ಬೇಡ."

"ಬಿಡಣ್ಣ. ಗುಡುಗಿಬಿಡ್ತೀನಿ," ಅಂದ.

ನೆಲಮಂಗಲದ ಪ್ರವಾಸಿ ಮಂದಿರಕ್ಕೆ ಎಮ್ಮೆಲ್ಲೆ ಬಂದಿದ್ದ ದಿನ ಒಳಗೆ ಹೋದೆವು. ನಾನು ಅರ್ಜಿ ಓದಿ, ಸನ್ನೆ ಮಾಡಿದೆ. ಅವನು ಸೊಂಟದ ಮೇಲೆ ಕೈಯಿಟ್ಟು, ಗದ್ದ ಎತ್ತಿ, ಕೋಣೆಯ ಎಡಮೂಲೆಯನ್ನೇ ದಿಟ್ಟಿಸಿದ. ಮಾತಿಲ್ಲ. ಮತ್ತೆ ಸನ್ನೆ ಮಾಡಿದೆ. ಒಂದು ಹುಬ್ಬು ಮೇಲೆ ಹೋಯಿತು. ಎಮ್ಮೆಲ್ಲೆಯೂ ಆ ಮೂಲೆ ನೋಡಿದರು. ಕಪ್ಪು ಕನ್ನಡಕದವನು ಕನ್ನಡಕ ತೆಗೆದು ನೋಡಿದ. ಅಲ್ಲಿ ಒಂದು ಪೊರಕೆ ಬಿಟ್ಟರೆ ಏನೂ ಇರಲಿಲ್ಲ.

ಎಮ್ಮೆಲ್ಲೆ ಬೆವರು ಒರೆಸಿಕೊಂಡರು. "ತಾವು... ಮೇಲಿನವರು ಯಾರಾದ್ರೂ ಕಳಿಸಿದ್ದಾರಾ?"

ಇವನು ಇನ್ನೊಂದು ಹುಬ್ಬು ಎತ್ತಿದ. ಎಮ್ಮೆಲ್ಲೆ ಕುರ್ಚಿ ಬಿಟ್ಟು ಎದ್ದೇ ನಿಂತರು. "ಆಯ್ತು, ಆಯ್ತು. ಬಸ್ಸು ತಾನೇ? ಇವತ್ತೇ ಹೇಳಿಸ್ತೀನಿ."

ಹೊರಗೆ ಬಂದು ಅವನನ್ನು ತಬ್ಬಿಕೊಂಡೆ. "ಎಂಥಾ ಗತ್ತೋ ನಿಂದು! ಒಂದು ಮಾತೂ ಆಡ್ದೆ ಗೆದ್ದುಬಿಟ್ಟೆಯಲ್ಲೋ!"

ಅವನ ಮುಖ ಸಣ್ಣದಾಗಿತ್ತು. "ಆಡೋಣ ಅಂತಲೇ ನಿಂತಿದ್ದೆ ಕಣಣ್ಣ. ಎಡಮೂಲೆಯಿಂದ ಹಾರ್ಮೋನಿಯಂನವನು ಶ್ರುತಿ ಕೊಡ್ದೆ ನಾನು ಯಾವತ್ತು ಬಾಯಿ ತೆಗೆದಿದ್ದೀನಿ ಹೇಳು?"

೪. ಬಸ್ಸು ನಿಂತ ದಿನ

ಆದೇಶ ಬಂತು. ಸೋಮವಾರದಿಂದ ಬೆಳಗಿನ ಬಸ್ಸು ನಮ್ಮ ಗೇಟಿನಲ್ಲಿ ನಿಲ್ಲುತ್ತದೆ. ಗಂಡಸರೆಲ್ಲ ಸೇರಿ ಗೇಟಿಗೆ ಮಾವಿನ ತೋರಣ ಕಟ್ಟಿದೆವು. ತಮಟೆ ತರಿಸಿದೆವು. ನಾನು ಒಂದು ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಬಸ್ಸು ಬಂತು. ನಿಂತಿತು! ನನ್ನ ಕಣ್ಣಲ್ಲಿ ನೀರು ಬಂತು, ಭಾಷಣ ಮರೆತುಹೋಯಿತು. ಪಟೇಲರು ಡ್ರೈವರಿಗೆ ಹಾರ ಹಾಕಿದರು. ಕಂಡಕ್ಟರ್ ಬಾಗಿಲು ತೆಗೆದು ಕೇಳಿದ: "ಸರಿ, ಹತ್ತೋರು ಯಾರು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಬ್ಬ ಹೆಂಗಸೂ ಇರಲಿಲ್ಲ. ಎಮ್ಮೆಲ್ಲೆಯ, ಸಲಹೆಗಾರರ ಮಾತು ನಂಬಿಕೊಂಡು ಸೊಪ್ಪು ಬಾಡಿಸುವುದು ಯಾಕೆ ಅಂತ ಅವರೆಲ್ಲ ಎಂದಿನಂತೆ ಕತ್ತಲಲ್ಲೇ ಎದ್ದು ನಡೆದು ಹೋಗಿದ್ದರು. ಉಳಿದ ಗಂಡಸರಿಗೆ ಎಲ್ಲಿಗೂ ಹೋಗುವ ಕೆಲಸ ಇರಲಿಲ್ಲ.

ಊರಿನ ಮಾನ ಉಳಿಯಬೇಕಲ್ಲ, ನಾನೊಬ್ಬನೇ ಹತ್ತಿದೆ. ನಾಲ್ಕೈದು ಮೈಲಿ ಹೋದ ಮೇಲೆ, ರಸ್ತೆ ಬದಿಯಲ್ಲಿ ಬುಟ್ಟಿಗಳ ಸಾಲು ಕಂಡಿತು. ಕೊನೆಯಲ್ಲಿ ನನ್ನ ಹೆಂಡತಿ. ನನಗೆ ತಡೆಯಲಾಗಲಿಲ್ಲ. ಕಂಡಕ್ಟರನ ತಲೆಯ ಮೇಲೆ ಕೈ ಚಾಚಿ ಗಂಟೆಯ ಹಗ್ಗ ಎಳೆದುಬಿಟ್ಟೆ. ಬಸ್ಸು ಗಕ್ಕನೆ ನಿಂತಿತು. ಕೆಳಗೆ ಹಾರಿದೆ.

"ಹತ್ತೇ! ಎಲ್ಲರೂ ಹತ್ತ್ರಮ್ಮಾ!"

ಅವಳು ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು. "ಇಲ್ಲಿ ಸ್ಟಾಪ್ ಐತಾ?"

"ಇಲ್ಲ."

"ಮತ್ತೆ ಹೆಂಗೆ ನಿಂತ್ಕೊಂತು?"

"ನಾನೇ ಹಗ್ಗ ಎಳೆದೆ!" ಹೆಮ್ಮೆಯಿಂದ ಹೇಳಿದೆ.

ಅವಳು ಬುಟ್ಟಿಯನ್ನು ಇಳಿಸಿ ಬಸ್ಸಿನ ಮೆಟ್ಟಿಲ ಮೇಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕೇಳಿದಳು:

"ಹಗ್ಗ ಎಳೆದ್ರೆ ನಿಲ್ಲೋ ಬಸ್ಸಿಗೆ ಇಷ್ಟು ವರ್ಷ ಯಾಕೆ ಕೂಗಾಡ್ತಿದ್ದೆ?"

ನನಗೆ ಗೊತ್ತಿಲ್ಲದೆಯೇ ನನ್ನ ಎದೆ ಮುಂದೆ ಬಂತು, ಕೈ ಹಿಂದೆ ಹೋಯಿತು. ಕಿಟಕಿಗಳಿಂದ ಸಾಲಾಗಿ ತಲೆಗಳು ಹೊರಬಂದವು. ಹೆಂಗಸರು ಬುಟ್ಟಿ ಹೊತ್ತುಕೊಂಡೇ ಕಾದರು. ಡ್ರೈವರ್ ಇಂಜಿನ್ ಆರಿಸಿದ. ಕಂಡಕ್ಟರ್ ಬಾಗಿಲಿಗೆ ಒರಗಿಕೊಂಡು ಹೇಳಿದ:

"ಬೇಗ ಉತ್ತರ ಹೇಳಿ ಸ್ವಾಮಿ, ಬಸ್ಸಿಗೆ ಟೈಮಾಯ್ತು."