ಕರಡಿಗೆಯೊಳಗಿನ ಹರಳು

ನಮ್ಮ ಭಾವನವರು ಏಳು ವರ್ಷ ಕುಲುಮೆಯ ಮುಂದೆ ಕೂತು ಒಂದೇ ಒಂದು ತುಂಡು ಕಲ್ಲುಸಕ್ಕರೆ ಮಾಡಿದರು. ಅದೂ ತಿನ್ನಲು ಬರುತ್ತಿರಲಿಲ್ಲ! ಹೀಗೆಂದರೆ ಅವರಿಗೆ ಸಿಟ್ಟು. ಅದು ಬಿಸ್ಮತ್ ಬೋರೇಟ್ ಹರಳಂತೆ. ಇರಲಿ, ನೋಡಲು ಮಾತ್ರ ಕಲ್ಲುಸಕ್ಕರೆಯೇ.

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಎಂಬತ್ತರ ದಶಕದಲ್ಲಿ ಅಫಜಲಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮದುವೆ ಯಾಕಾಗಲಿಲ್ಲವೆಂದು ಕೇಳಿದರೆ, "ಕುಲುಮಿ ಯಾರು ನೋಡ್ಕೋಬೇಕು?" ಎನ್ನುವ ಆಸಾಮಿ. ನಾನು ಇಜೇರಿಯಿಂದ ಸೊಸೆಯಾಗಿ ಬಂದ ಮೊದಲ ವಾರವೇ ಕರೆಂಟಿನ ಕುಲುಮೆಯಿದ್ದ ಹಿತ್ತಲ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ಪಾಠ ಶುರು ಮಾಡಿದರು.

"ಜೇವರ್ಗಿ ಬಸ್ಸಿನ್ಯಾಗ ಬಂದೀಯಲ್ಲವಾ? ಹಂಗೇ ತಿಳಕೋ. ಬೋರಾನ್ ಮಂದಿ ಆಕ್ಸಿಜನ್ ಕೈ ಹಿಡಕೊಂಡು ನಿಂತಾರ. ಕೆಲವ್ರು ಮೂರು ಕೈ, ಕೆಲವ್ರು ನಾಕು. ನಡುವ ಬಿಸ್ಮತ್ ಅನ್ನೋ ಧಡೂತಿ ಮನಷ್ಯಾ ಒಂದೇ ಕಡಿ ಮೊಣಕೈ ಚಾಚಿ ಕುಂತಾನ. ಅದಕ್ಕ ಈ ಹರಳಿನ್ಯಾಗ ಎಡಾ ಬಲಾ ಸಮ ಇಲ್ಲ. ಕಣ್ಣಿಗಿ ಕಾಣದ ಬೆಳಕು ಈ ಕಡಿ ಹೊಕ್ಕರ, ಆ ಕಡಿ ಹಸರಾಗಿ ಹೊರಗ ಬರ್ತದ!"

"ಕಾಣದ ಬೆಳಕು ಹೊಕ್ಕಿದ್ದು ಹೆಂಗ ಗೊತ್ತಾಗ್ತದ್ರಿ ಭಾವಾರ?" ಎಂದೆ. ಎರಡು ದಿನ ನನ್ನ ಸಂಗಡ ಮಾತಿಲ್ಲ!

ಬಿಸ್ಮತ್ತಿನ ಪುಡಿ, ಬೋರಿಕ್ ಪುಡಿ ಕೂಡಿಸಿ ಕಾಯಿಸಿದರೆ ಕಾಕಂಬಿಯಂಥ ಅಂಟುಪಾಕ. ಸುಮ್ಮನೆ ಆರಲು ಬಿಟ್ಟರೆ ಗಾಜಾಗಿಬಿಡುತ್ತದೆ. ಹರಳಾಗಬೇಕಾದರೆ ಮೊದಲೇ ಇದ್ದ ಹರಳಿನ ಚೂರೊಂದನ್ನು ಪಾಕಕ್ಕೆ ತಾಗಿಸಬೇಕು. "ಹೆಪ್ಪು ಅನ್ರಿ," ಎಂದೆ. ಭಾವನವರು ಕಣ್ಣರಳಿಸಿದರು. ಮಾತು ಮತ್ತೆ ಶುರುವಾಯಿತು.

ಹೆಪ್ಪು ಹಾಕಿದ ಮೇಲೆ ದಿನಗಟ್ಟಲೆ ಬಿಸಿಯನ್ನು ಇಷ್ಟಿಷ್ಟೇ ಇಳಿಸಬೇಕು. ಪಾಕ ಅಲುಗಬಾರದು. ಮನೆಯಲ್ಲಿ ಖಾರ ಕುಟ್ಟುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ, ಗಟ್ಟಿಯಾಗಿ ಸೀನುವಂತಿಲ್ಲ! ನಾವೆಲ್ಲ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರೆ ಕರೆಂಟು ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ 'ಟಕ್' ಎಂದು ಹರಳು ಸೀಳಿದ ಸದ್ದು. ಆರು ವರ್ಷ ಆ ಸದ್ದು ಕೇಳಿದ್ದೇವೆ. ಆವತ್ತು ಭಾವನವರು ಊಟ ಬಿಡುತ್ತಿದ್ದರು. ಮಗ ಉಣ್ಣಲಿಲ್ಲವೆಂದು ಅತ್ತೆಯೂ ಬಿಡುತ್ತಿದ್ದರು. ಇನ್ನು ನಾನೊಬ್ಬಳು ಯಾವ ಮುಖ ಹೊತ್ತುಕೊಂಡು ಉಣ್ಣಲಿ?

ಏಳನೆಯ ವರ್ಷ 'ಟಕ್' ಕೇಳಲಿಲ್ಲ. ಬೋರೆಹಣ್ಣಿನಷ್ಟು ದೊಡ್ಡ ಹರಳು, ನೀರಿನಷ್ಟು ತಿಳಿ, ಕೈಗೆ ಭಾರ. ಅದರಿಂದ ಹಸಿರು ಬೆಳಕು ಹೊರಡುವುದನ್ನು ಗುಲ್ಬರ್ಗಾದ ಲ್ಯಾಬಿನ ಲೇಸರಿನಲ್ಲಿ ತೋರಿಸಿದರೆ ಡಾಕ್ಟರೇಟು. ಮಾರ್ಗದರ್ಶಕರು ಆ ತಿಂಗಳೇ ನಿವೃತ್ತರಾಗುವವರು. ಅವರು ಕೊಟ್ಟದ್ದು ಒಂದೇ ಸೋಮವಾರ, ಅದಕ್ಕೆ ಹನ್ನೆರಡು ದಿನ ಬಾಕಿ. ಅಷ್ಟರಲ್ಲಿ ಹರಳು ಸೀಳಿದರೆ ಏಳು ವರ್ಷ ನೀರಿನಲ್ಲಿ ಹೋಮ.

ನಮ್ಮೂರ ಬಿಸಿಲಿನ ಏರಿಳಿತಕ್ಕೆ ಎಲ್ಲಿ ಸೀಳೀತೋ ಎಂದು ಭಾವನವರಿಗೆ ಪ್ರಾಣಸಂಕಟ. ಮೈಬಿಸಿಯಲ್ಲೇ ಇರಲೆಂದು ಉಪಾಯ ಹೂಡಿದರು. "ಯವ್ವಾ, ಅಪ್ಪನ ಕರಡಿಗಿ ಕೊಡು."

ಇಷ್ಟಲಿಂಗವನ್ನಿಟ್ಟು ಕೊರಳಲ್ಲಿ ಧರಿಸುವ ಬೆಳ್ಳಿ ಕರಡಿಗೆ ಅದು. ಮಾವನವರು ತೀರಿಕೊಂಡಾಗಿನಿಂದ ಬರಿದಾಗಿತ್ತು. ಭಾವನವರೋ ಕಾಲೇಜು ಓದುವಾಗ ಭೀಮಾ ಹೊಳೆಯಲ್ಲಿ ಈಜಲು ಹೋಗಿ ತಮ್ಮ ಲಿಂಗ ಕಳೆದುಕೊಂಡು ಬಂದವರು, ಮತ್ತೆ ಕಟ್ಟಿಕೊಂಡಿರಲಿಲ್ಲ. ಅತ್ತೆಗೆ ಅದೊಂದು ತೀರದ ಕೊರಗು. ಈಗ ಕರಡಿಗೆ ಕೇಳಿದ್ದೇ ತಡ, ಕಣ್ಣು ತುಂಬಿ ಬಂತು.

"ಬುದ್ಧಿ ಬಂತಲ್ಲೋ ಯಪ್ಪಾ!"

ಭಾವನವರು ಕರಡಿಗೆ ತೆಗೆದುಕೊಂಡರು. ಒಳಗೆ ಹೋಗಿ ಹರಳಿಗೆ ಹತ್ತಿ ಸುತ್ತಿ ಕರಡಿಗೆಯಲ್ಲಿಟ್ಟರು. ನನ್ನ ಕಡೆ ತಿರುಗಿ "ಹೇಳಬ್ಯಾಡವಾ" ಎಂದರು. ನಾನು ಹೇಳಲಿಲ್ಲ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚುವಾಗ ಮಾತ್ರ ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತಾಗಿತ್ತು.

ಲ್ಯಾಬಿನ ಆ್ಯಸಿಡ್ ತಾಗಿದರೆ ಹರಳು ಕರಗುತ್ತದೆಂದು ಕಾಲೇಜಿಗೆ ಹೋಗುವಾಗ ಕರಡಿಗೆಯನ್ನು ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದರು. ಸಂಜೆ ಬಂದವರೇ ಕೊರಳಿಗೆ, ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಮತ್ತೆ ಗೂಟಕ್ಕೆ. ಹರಳು ಕೆಡುತ್ತದೆಂದು ತೆರೆದು ನೋಡುತ್ತಲೂ ಇರಲಿಲ್ಲ.

ಸೋಮವಾರ ಬಂತು. ಎಂಟಕ್ಕೆ ಗುಲ್ಬರ್ಗಾ ಬಸ್ಸು. ಸ್ನಾನ ಮುಗಿಸಿ ಬಂದು ನೋಡುತ್ತಾರೆ, ಗೂಟ ಖಾಲಿ!

ದೇವರ ಕೋಣೆಯಲ್ಲಿ ಅತ್ತೆ ಪೂಜೆಗೆ ಕೂತಿದ್ದರು. ಎಡಗೈಯ ಅಂಗೈಯಲ್ಲಿ ಹರಳು. ಬಲಗೈಯ ತಂಬಿಗೆಯಿಂದ ಅದರ ಮೇಲೆ ನೀರು ಸುರಿಯುತ್ತಿತ್ತು. ಭಾವನವರ ಮುಖ ಸುಣ್ಣವಾಯಿತು. ಇದರ ದಾಯಾದಿಗಳಾದ ಎಷ್ಟೋ ಬೋರೇಟುಗಳು ಹವೆಯ ತೇವಕ್ಕೇ ಮಬ್ಬಾಗುತ್ತವೆಂದು ನಮಗೆ ನೂರು ಸಲ ಹೇಳಿದ್ದರು. ಇಲ್ಲಿ ತಂಬಿಗೆ ನೀರು! ಕೂಗುವಂತಿಲ್ಲ. ಅತ್ತೆ ಬೆಚ್ಚಿಬಿದ್ದರೆ ಅದು ನೇರ ಶಹಾಬಾದ್ ಕಲ್ಲಿನ ನೆಲಕ್ಕೆ. ಇಬ್ಬರೂ ಬಾಗಿಲಲ್ಲಿ ನಿಂತೆವು. ಒದ್ದೆ ಅಂಗೈ ವಯಸ್ಸಿಗೆ ನಡುಗುತ್ತಿತ್ತು. ಹರಳು ಬೆರಳ ಅಂಚಿಗೆ ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅತ್ತೆ ಅದನ್ನು ಸೆರಗಿನಿಂದ ಒರೆಸುತ್ತಿದ್ದರು.

"ಎಷ್ಟ ದಿನದಿಂದ ನೀರ ಹಾಕಾಕತ್ತೀದಿ ಯವ್ವಾ?" ಎಂದು ಕೇಳುತ್ತ ಭಾವನವರು ಹರಳನ್ನು ತೆಗೆದುಕೊಂಡರು.

"ದಿನಾ. ಇವತ್ತಿಗಿ ಹನ್ನೊಂದು."

ಭಾವನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಮಬ್ಬಿಲ್ಲ, ಬಿರುಕಿಲ್ಲ! ಕುಲುಮೆಯಿಂದ ಬಂದ ದಿನದಷ್ಟೇ ತಿಳಿ. ಭಾವನವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಯವ್ವಾ, ಇದು ಲಿಂಗ ಅಲ್ಲ..."

"ಮೊದಲನೇ ದಿನಾನೇ ಗೊತ್ತಾತು. ನನ್ನ ಕಣ್ಣು ಮಂದ ಆಗ್ಯಾವ, ಬುದ್ಧಿ ಮಂದ ಆಗಿಲ್ಲ. ಏಳು ವರ್ಷ ಉಪಾಸ ಬಿದ್ದು ಗಳಿಸಿ ಎದಿಗಿ ಕಟಗೊಂಡೀದಿ. ಅದನ್ನ ಗೂಟಕ್ಕ ಉಪಾಸ ಹಾಕಿ ಹೋದ್ರ ಹೆಂಗೋ? ನೀರ ಹಾಕಿದೆ. ಏಳು, ಬಸ್ಸು ಹೋಗ್ತದ."

ಚೌಡಾಪುರದಲ್ಲಿ ಹತ್ತಿದ ಮಂದಿಯ ಮೊಣಕೈಗಳಿಗೆಲ್ಲ ಎದೆ ಮರೆಮಾಡಿಕೊಂಡು ಭಾವನವರು ಗುಲ್ಬರ್ಗಾ ಮುಟ್ಟಿದರು. ಸಂಜೆ ತಿರುಗಿ ಬಂದವರು ಬಾಗಿಲಿನಿಂದಲೇ ಕೂಗಿದರು: "ಯವ್ವಾ, ಕಡ್ಲಿ ಹೊಲದಷ್ಟು ಹಸರು!" ಡಾಕ್ಟರೇಟೂ ಬಂತು. ಈ ಹರಳಿಗೆ ನೀರು ತಾಗದೆಂಬ ಮಾತು ಅವರ ಪ್ರಬಂಧದಲ್ಲಿದೆ. ನೀರು ಹಾಕಿದವರು ಯಾರೆಂದು ಮಾತ್ರ ಇಲ್ಲ. ಅದಕ್ಕೆ ನಾನು ಅವರನ್ನು ಕಾಡದ ದಿನವಿರಲಿಲ್ಲ.

ಎರಡು ವರ್ಷದ ಮೇಲೆ ಅತ್ತೆ ಹೋದರು. ನಮ್ಮ ಪದ್ಧತಿಯಂತೆ ಸಮಾಧಿ ಮಾಡಲು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟೆವು. ಭಾವನವರು ಮುಂದೆ ಬಂದು ಕರಡಿಗೆ ತೆರೆದು, ಅದರ ಪಕ್ಕದಲ್ಲೇ ಹರಳನ್ನಿಟ್ಟರು. ಅದೇನೆಂದು ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕೇಳಿದರು. "ಅವ್ವನ ಪೂಜಾದ್ದು," ಎಂದರು.

ನನಗೆ ತಡೆಯಲಾಗಲಿಲ್ಲ. "ಭಾವಾರ, ಇದ್ದದ್ದು ಅದೊಂದೇ ಅಲ್ರೀ?"

ಅವರು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಹರಳಿನ ಮೇಲೆ ಮಡಚುತ್ತಿದ್ದರು.

"ಹೌದವಾ. ನಾಳಿ ಮಳಿ ಆಗ್ತದ, ಮಣ್ಣಾಗ ನೀರು ಇಳೀತದ. ಅದು ಕರಗೂದಿಲ್ಲ."